ಒಂದು ಪೌಂಡ್ ಜೋಳ

ತೂಕ ಇಳಿಸಲೆಂದು ಬೆವರು ಸುರಿಸುವವರು ಇಂದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲೂ ರೊಟ್ಟಿ ಎಣಿಸಿ ತಿನ್ನುತ್ತಾರೆ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ದುಡಿಯುವವರ ರೊಟ್ಟಿಯನ್ನು ಸರಕಾರವೇ ಎಣಿಸುತ್ತಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರ ಅದು. ಈ ಊರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಬರಪರಿಹಾರವೆಂದರೆ ರಸ್ತೆ, ಕೆರೆಗಳ ಕೆಲಸ: ಮಣ್ಣು ಅಗೆಯುವುದು, ಬುಟ್ಟಿ ಹೊರುವುದು, ಕಲ್ಲು ಒಡೆಯುವುದು. 1877ರ ಆರಂಭದಲ್ಲಿ ವೈಸ್‌ರಾಯ್ ಲಿಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಒಂದಿಷ್ಟು ಚಿಲ್ಲರೆ ಕಾಸು ಸಾಕೆಂದ. ಹೆಂಗಸರಿಗೆ ಇನ್ನೂ ಕಡಿಮೆ. ಉಪ್ಪು, ಬೇಳೆ, ಮೆಣಸಿನಕಾಯಿ ಎಲ್ಲವೂ ಆ ಚಿಲ್ಲರೆ ಕಾಸಿನಲ್ಲೇ ಆಗಬೇಕು! ಮುಂಬಯಿ ಪ್ರಾಂತದಲ್ಲೂ ಇಂಥದ್ದೇ ದರ ಬಂದಾಗ ದಖ್ಖನ್ನಿನ ಕೂಲಿಗಳು ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು.

ಲೆಕ್ಕ ಹಾಕಿ ನೋಡೋಣ. ಒಂದು ಪೌಂಡ್ ಜೋಳವೆಂದರೆ ಸುಮಾರು 450 ಗ್ರಾಂ, ಹೆಚ್ಚೆಂದರೆ 1,550 ಕಿಲೋಕ್ಯಾಲರಿ. ಭಾರೀ ದುಡಿಮೆಯ ಗಂಡಸಿಗೆ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ಸುಮಾರು 3,470. ಕೊರತೆಯನ್ನು ದೇಹ ತನ್ನೊಳಗಿಂದಲೇ ತುಂಬಿಕೊಳ್ಳಬೇಕು. ಕೊಬ್ಬು ಕರಗುತ್ತದೆ, ಜತೆಗೆ ಸ್ನಾಯುವೂ. ಬರಗಾಲದ ಮೈಯಲ್ಲಿ ಕೊಬ್ಬೆಲ್ಲಿತ್ತು?

ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನೇ ವಾದಿಸಿದ: ಸುಮ್ಮನೆ ಕೂತವನಿಗೆ ಸಾಲದ ಅನ್ನ ದುಡಿಯುವವನಿಗೆ ಹೇಗೆ ಸಾಕು? ಅದೇ ವರ್ಷ ಮದ್ರಾಸ್ ಸರಕಾರ ಕೂಲಿ ಏರಿಸಿತು. ಟೆಂಪಲ್ ಅದೇ ವರ್ಷ ಮುಂಬಯಿಯ ಗವರ್ನರನಾದ; ಧಾರವಾಡ ಜಿಲ್ಲೆ ಅವನ ಆಡಳಿತಕ್ಕೇ ಬಂತು.