ಯಂತ್ರದೊಳಗೊಂದು ಯಂತ್ರ



ಸಾವಳಗಿ, ಜಮಖಂಡಿ, ಮುಧೋಳಗಳು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿವೆ. 1948ಕ್ಕೆ ಮುಂಚಿನ ನಕಾಶೆಯನ್ನು ನೋಡಿದರೆ ಈ ಸೀಮೆಯಲ್ಲಿ ನಿಮಗೆ ಪಟವರ್ಧನರ ಜಮಖಂಡಿ ಸಂಸ್ಥಾನವೂ ಘೋರ್ಪಡೆಯವರ ಮುಧೋಳ ಸಂಸ್ಥಾನವೂ ಕಾಣುತ್ತವೆ. ಪ್ರತಿಯೊಂದಕ್ಕೂ ತನ್ನದೇ ದರಬಾರು, ತನ್ನದೇ ಕಂದಾಯ. ಪ್ರಜೆಗಳ ಪಾಲಿಗೆ ರಾಜರೇ ಸರಕಾರ. ಆದರೆ ಯುದ್ಧ, ಪರರಾಜ್ಯ ಸಂಬಂಧಗಳಂಥ ವಿಷಯ ಬಂದಾಗ ಮಾತು ಮೇಲಿದ್ದ ಬ್ರಿಟಿಷ್ ಅಧಿಕಾರಕ್ಕೆ ಹೋಗಲೇಬೇಕಿತ್ತು. ಒಂದು ಆಳ್ವಿಕೆಯ ಒಳಗೆ ಇನ್ನೊಂದು ಆಳ್ವಿಕೆ. ಗಣಕಯಂತ್ರದ ಚರಿತ್ರೆಯಲ್ಲಿಯೂ ಇಂಥದೇ ಒಂದು ಏರ್ಪಾಡು ಇದೆ. ಅದನ್ನು ವರ್ಚುವಲ್ ಮೆಷಿನ್, ಅಂದರೆ ಕಲ್ಪಿತ ಯಂತ್ರ ಎನ್ನುತ್ತಾರೆ.

ಗಣಕಯಂತ್ರವನ್ನು ಆಳುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್, ಲಿನಕ್ಸ್ ಇವೆಲ್ಲ ಆ ಜಾತಿಯವು. ಸ್ಮೃತಿಕೋಶದಲ್ಲಿ ಯಾರಿಗೆ ಎಷ್ಟು ಜಾಗ, ಡಿಸ್ಕಿನ ಮೇಲೆ ಯಾರು ಬರೆಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಒಂದು ಯಂತ್ರಕ್ಕೆ ಒಬ್ಬನೇ ಒಡೆಯ ಎಂಬ ಎಣಿಕೆಯ ಮೇಲೆಯೇ ಅದು ರಚಿತವಾಗಿರುತ್ತದೆ. ಹಾಗಾದರೆ ಒಂದೇ ಯಂತ್ರದಲ್ಲಿ ಇಬ್ಬರು ಒಡೆಯರು ಏಕಕಾಲಕ್ಕೆ ಇರುವುದು ಹೇಗೆ?

ಈ ಪ್ರಶ್ನೆ ಹುಟ್ಟಿದ್ದು ಕೊರತೆಯಿಂದ. 1960ರ ದಶಕದಲ್ಲಿ ಗಣಕಯಂತ್ರ ಒಂದು ಕೋಣೆಯನ್ನೇ ತುಂಬುತ್ತಿತ್ತು, ಬೆಲೆಯೂ ಅಪಾರ. ನಮ್ಮ ಕಡೆ ಒಂದೇ ಬಾವಿಯ ನೀರನ್ನು ಅಣ್ಣತಮ್ಮಂದಿರು ಪಾಳಿಯ ಮೇಲೆ ಹೊಲಕ್ಕೆ ಹಾಯಿಸಿಕೊಳ್ಳುವಂತೆ, ಒಂದೇ ಯಂತ್ರವನ್ನು ಅನೇಕರು ಪಾಳಿಯಿಂದ ಬಳಸುವ ಉಪಾಯಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದರು. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಳಕೆದಾರರಿಗೆ ಬರೀ ಪಾಳಿ ಕೊಡುವುದೇಕೆ, ಪ್ರತಿಯೊಬ್ಬರಿಗೂ ಇಡೀ ಯಂತ್ರವೇ ತನ್ನದು ಎನಿಸುವಂತೆ ಮಾಡಿದರಾಯಿತು ಎಂಬುದು ಅವರ ಆಲೋಚನೆ. 1967ರ ಜನವರಿಯಲ್ಲಿ ಬಳಕೆಗೆ ಬಂದ ಅವರ ಸಿಪಿ-40 ಎಂಬ ವ್ಯವಸ್ಥೆ ಒಂದೇ ಯಂತ್ರದಲ್ಲಿ 14 ಕಲ್ಪಿತ ಯಂತ್ರಗಳನ್ನು ನಡೆಸಿತು. 1972ರಲ್ಲಿ ಐಬಿಎಂ ಇದೇ ವಿಚಾರವನ್ನು ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರಿಗೆ ಒದಗಿಸಿತು.

ಇದರ ಒಳಗುಟ್ಟೇನು? ಸಾಮಾನ್ಯ ಲೆಕ್ಕಾಚಾರದ ಆಜ್ಞೆಗಳನ್ನು ಒಳಗಿನ ಅತಿಥಿ ವ್ಯವಸ್ಥೆ ನೇರವಾಗಿಯೇ ನಡೆಸಿಕೊಳ್ಳುತ್ತದೆ. ಆದರೆ ಇಡೀ ಯಂತ್ರದ ಸ್ಥಿತಿಯನ್ನೇ ಬದಲಿಸುವ ಆಜ್ಞೆ ಬಂತೆನ್ನಿ, ಯಂತ್ರ ಅಲ್ಲಿಯೇ ತಡೆದು ಅದನ್ನು ಮೇಲಿನ ನಿಯಂತ್ರಕನಿಗೆ ಒಪ್ಪಿಸುತ್ತದೆ. ನಿಯಂತ್ರಕ ಅದನ್ನು ಪರಿಶೀಲಿಸಿ, ಅತಿಥಿಯ ಪರವಾಗಿ ತಾನೇ ಕೆಲಸ ಮುಗಿಸಿ, ಫಲಿತವನ್ನು ಹಿಂದಿರುಗಿಸುತ್ತಾನೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ. ತಮ್ಮ ಮೇಲೆ ಯಾರಿದ್ದಾರೆಂಬುದು ಸಂಸ್ಥಾನದ ರಾಜರಿಗೆ ತಿಳಿದಿತ್ತು. ಅತಿಥಿ ವ್ಯವಸ್ಥೆಗೆ ಅದು ತಿಳಿಯಬೇಕಾದ ಅಗತ್ಯವೇ ಇಲ್ಲ. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇಂಥ ನಿಯಂತ್ರಕನಿಗೆ ಮೂರು ಲಕ್ಷಣಗಳನ್ನು ಹೇಳಿದರು. ಕಲ್ಪಿತ ಯಂತ್ರ ನಿಜವಾದುದರಂತೆಯೇ ನಡೆಯಬೇಕು, ಬಹುಪಾಲು ಆಜ್ಞೆಗಳು ನೇರವಾಗಿ ನಡೆದು ವೇಗ ಉಳಿಯಬೇಕು, ಸಂಪನ್ಮೂಲಗಳ ಮೇಲಿನ ಹಿಡಿತ ನಿಯಂತ್ರಕನ ಕೈಯಲ್ಲಿಯೇ ಇರಬೇಕು.

ಮುಂದೆ ಮೇಜಿನ ಮೇಲಿಡುವ ಅಗ್ಗದ ಗಣಕಗಳು ಬಂದವು. ಒಬ್ಬರಿಗೊಂದು ಯಂತ್ರ ಸಿಗುವಂತಾದ ಮೇಲೆ ಈ ವಿದ್ಯೆ ಬೇಡವಾದಂತೆ ಕಂಡಿತು. ಮೇಲಾಗಿ ಆ ಗಣಕಗಳ ಇಂಟೆಲ್ ಮಾದರಿಯ ಚಿಪ್ ಇದಕ್ಕೆ ಒಗ್ಗುತ್ತಿರಲಿಲ್ಲ. ತಡೆದು ಮೇಲಕ್ಕೆ ಒಪ್ಪಿಸಬೇಕಾದ ಕೆಲವು ಆಜ್ಞೆಗಳನ್ನು ಅದು ಸದ್ದಿಲ್ಲದೆ ಬೇರೆ ರೀತಿಯಲ್ಲಿ ನಡೆಸಿಬಿಡುತ್ತಿತ್ತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆ ಅಂಥ ಆಜ್ಞೆಗಳನ್ನು ಮೊದಲೇ ಗುರುತಿಸಿ ತಿದ್ದಿ ನಡೆಸುವ ಉಪಾಯದಿಂದ 1999ರಲ್ಲಿ ಈ ತೊಡಕನ್ನು ದಾಟಿತು. 2005ರಿಂದ ಚಿಪ್‌ಗಳಲ್ಲಿಯೇ ಅದಕ್ಕೆ ಬೇಕಾದ ಸೌಲಭ್ಯ ಸೇರಿತು. 2007ರಲ್ಲಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ವಿದ್ಯಾರ್ಥಿಗಳಿಗೂ ಉಚಿತವಾಗಿ ದೊರೆಯಿತು.

ಇದರಿಂದ ಕನ್ನಡಕ್ಕೇನು ಲಾಭ ಎಂದು ನೀವು ಕೇಳಬಹುದು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ ಎಲ್ಲವೂ ಇಂಥ ತಂತ್ರಾಂಶಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಸಿದ್ಧವಾದವು. ಆ ದಿನಗಳ ಬಹುಪಾಲು ಕಡತಗಳಲ್ಲಿ ಕನ್ನಡದ ಅಕ್ಷರಕ್ಕೆ ಸ್ವಂತ ಸಂಕೇತವಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳ ಸಾಲು. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಹರಡಲು ವರ್ಷಗಳೇ ಹಿಡಿದವು.

ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ನಿಜ. ಆದರೆ ಪುಟದ ಜೋಡಣೆ, ಚಿತ್ರದ ಸ್ಥಾನ, ಅಂಚಿನ ಅಲಂಕಾರ ಹಾಗೆಯೇ ಕಾಣಬೇಕಾದರೆ ಆ ಕಾಲದ ತಂತ್ರಾಂಶವೇ ಬೇಕು, ಅದಕ್ಕೆ ಆ ಕಾಲದ ವಿಂಡೋಸ್ ಬೇಕು. ಹಳೆಯ ಗಣಕವೋ ಕೆಟ್ಟು ಗುಜರಿಗೆ ಹೋಗಿದೆ. ಇಲ್ಲಿ ಕಲ್ಪಿತ ಯಂತ್ರ ನೆರವಿಗೆ ಬರುತ್ತದೆ. ನಿಮ್ಮ ಇಂದಿನ ಗಣಕದಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಒಂದಿಷ್ಟು ಸ್ಮೃತಿಯನ್ನೂ ಡಿಸ್ಕಿನ ಜಾಗವನ್ನೂ ಮೀಸಲಿಟ್ಟು, ಪರವಾನಗಿ ಇರುವ ವಿಂಡೋಸ್ ಎಕ್ಸ್‌ಪಿಯನ್ನು ಸ್ಥಾಪಿಸಿದರೆ ಒಂದು ಕಿಟಕಿಯಲ್ಲಿ 2001ರ ಗಣಕ ಜೀವ ತಳೆಯುತ್ತದೆ. ಅದರಲ್ಲಿ ಹಳೆಯ ತಂತ್ರಾಂಶವನ್ನೂ ಫಾಂಟನ್ನೂ ಸೇರಿಸಿ ಕಡತ ತೆರೆದರೆ ಪುಟ ಅಂದಿನಂತೆಯೇ ಕಾಣುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸುರಕ್ಷತಾ ಬೆಂಬಲ 2014ರ ಏಪ್ರಿಲ್‌ನಲ್ಲಿ ಮುಗಿಯಿತು. ಆದ್ದರಿಂದ ಆ ಕಲ್ಪಿತ ಯಂತ್ರಕ್ಕೆ ಅಂತರಜಾಲದ ಸಂಪರ್ಕ ಕೊಡಬಾರದು. ಎರಡನೆಯದಾಗಿ, ಮೂಲ ಕಡತದ ಪ್ರತಿಯನ್ನಷ್ಟೇ ಒಳಗೆ ಒಯ್ಯಬೇಕು. ಮೂಲವನ್ನು ಬೇರೆಡೆ ಜೋಪಾನವಾಗಿ ಇಡಬೇಕು.

ತಾಳೆಗರಿಯ ಗ್ರಂಥವನ್ನು ಹುಳು ತಿನ್ನುತ್ತದೆಂದು ನಮ್ಮ ಹಿರಿಯರು ಅದನ್ನು ಮರಳಿ ಮರಳಿ ನಕಲು ಮಾಡಿದರು. ಗಣಕದ ಕಡತಕ್ಕೆ ಹುಳು ಹತ್ತುವುದಿಲ್ಲ. ಆದರೆ ಓದುವ ಯಂತ್ರವೇ ಇಲ್ಲವಾದರೆ ಅಕ್ಷರ ಇದ್ದೂ ಇಲ್ಲದಂತೆ. ಯಂತ್ರ ಸಾಲದೆಂದು ಹುಟ್ಟಿದ ಉಪಾಯ ಇಂದು ಮರೆಯಾದ ಯಂತ್ರವನ್ನು ಮರಳಿ ತರುವ ಸಾಧನವಾಗಿದೆ. ನಿಮ್ಮ ಶಾಲೆಯ, ನಿಮ್ಮ ಊರಿನ ಹಳೆಯ ಸಿಡಿಗಳಲ್ಲಿ ಏನಿದೆ ಎಂದು ಕೇಳಿ ನೋಡಿ. ಸಿಡಿಗಳೂ ಕಾಲಕ್ರಮದಲ್ಲಿ ಕೆಡುತ್ತವೆ. ಆ ಕೆಲಸಕ್ಕೆ ತಡಮಾಡುವುದು ಒಳ್ಳೆಯದಲ್ಲ.