ಭ್ರೂಣದ ಮೂತ್ರಪಿಂಡದಲ್ಲಿ ನೀರು: ಹೆರಿಗೆಯಾಚೆಗೂ ಸಾಗಬೇಕಾದ ಒಂದು ಅಳತೆ

ಇಪ್ಪತ್ತನೇ ವಾರದ ಸ್ಕ್ಯಾನಿಂಗ್ ವರದಿಯಲ್ಲಿ ‘ಬಲ ಕಿಡ್ನಿಯ ಪೆಲ್ವಿಸ್ 5 ಮಿ.ಮೀ.’ ಎಂಬ ಸಾಲು ಕಂಡರೆ ಮನೆಮಂದಿಯ ನಿದ್ದೆ ಹಾರಿಹೋಗುತ್ತದೆ. ಪ್ರತಿ ನೂರು ಬಸುರಿಗಳಲ್ಲಿ ಒಬ್ಬರಿಂದ ಐವರಿಗೆ ಇಂಥ ವರದಿ ಬರುತ್ತದೆ. ಬಹುಪಾಲು ಹಿಗ್ಗುವಿಕೆ ತಾನಾಗಿಯೇ ಇಳಿಯುತ್ತದೆ. ಮಗುವಿಗೆ ನಿಜವಾದ ಅಪಾಯ ಒದಗುವುದು ಈ ಅಳತೆ ಹೆರಿಗೆಯ ನಂತರ ಯಾರ ಕಣ್ಣಿಗೂ ಬೀಳದೆ ಹೋದಾಗ ಎಂಬುದು ಈ ಲೇಖನದ ವಾದ.

ಪರದೆಯ ಮೇಲೆ ಬೆನ್ನುಮೂಳೆಯ ಎರಡೂ ಬದಿಗೆ ಬೂದುಬಣ್ಣದ ಎರಡು ದುಂಡು ಆಕೃತಿಗಳು, ಪ್ರತಿಯೊಂದರ ಮಧ್ಯೆ ಕಪ್ಪು ಸೀಳು. ಮೂತ್ರ ಸೇರುವ ಆ ಕುಹರದ, ಅಂದರೆ ಪೆಲ್ವಿಸ್‌ನ, ಹಿಂದುಮುಂದಿನ ಅಗಲವನ್ನು ಅಡ್ಡಛೇದದಲ್ಲಿ ಅಳೆಯುತ್ತಾರೆ. 2014ರ ಯು.ಟಿ.ಡಿ. (ಮೂತ್ರಮಾರ್ಗದ ಹಿಗ್ಗುವಿಕೆ) ವರ್ಗೀಕರಣದ ಪ್ರಕಾರ 16ರಿಂದ 27ನೇ ವಾರದವರೆಗೆ 4 ಮಿ.ಮೀ.ಗಿಂತ ಕಡಿಮೆ, 28ನೇ ವಾರದಿಂದ 7 ಮಿ.ಮೀ.ಗಿಂತ ಕಡಿಮೆ ಇದ್ದರೆ ಸಹಜ. ಹಾಗಾಗಿ ಇಪ್ಪತ್ತನೇ ವಾರದಲ್ಲಿ ಗಮನಿಸಬೇಕಾದ 5 ಮಿ.ಮೀ. ಮೂವತ್ತೆರಡನೇ ವಾರದಲ್ಲಿ ಸಹಜವೇ. ವಾರ ನಮೂದಿಸದ ಅಂಕಿಗೆ ಅರ್ಥವಿಲ್ಲ. ಕಿಡ್ನಿಯ ತಿರುಳು ತೆಳುವಾಗಿದೆಯೇ, ಮೂತ್ರನಾಳ ಹಿಗ್ಗಿದೆಯೇ, ಮೂತ್ರಕೋಶ ಹೇಗಿದೆ, ಗರ್ಭಜಲ ಸಾಕಷ್ಟಿದೆಯೇ ಎಂಬುದನ್ನೂ ಜೊತೆಗೇ ನೋಡಬೇಕು.

ಲೀ ಮತ್ತು ಸಂಗಡಿಗರು 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯಲ್ಲಿ, ಹುಟ್ಟಿದ ಮೇಲೆ ಮೂತ್ರಾಂಗದ ದೋಷ ಪತ್ತೆಯಾದದ್ದು ಅಲ್ಪ ಹಿಗ್ಗುವಿಕೆಯ ಶೇ. 11.9, ಮಧ್ಯಮದ ಶೇ. 45.1, ತೀವ್ರದ ಶೇ. 88.3 ಮಕ್ಕಳಲ್ಲಿ. ಆದರೆ ಮೂತ್ರಕೋಶದಿಂದ ಮೂತ್ರ ಹಿಮ್ಮುಖವಾಗಿ ಹರಿಯುವ ದೋಷ ಮಾತ್ರ ಈ ಏರಿಕೆಯನ್ನು ಅನುಸರಿಸಲಿಲ್ಲ. ಅಲ್ಪವೆಂದು ವರದಿಯನ್ನು ಬದಿಗಿಡುವವರು ಗಮನಿಸಬೇಕಾದ ಅಂಶವಿದು.

ಎಡವುವುದು ಹೆರಿಗೆಯ ಹೊತ್ತಿನಲ್ಲಿ. ಮೊದಲ ಎರಡು ದಿನ ಕೂಸಿನ ಮೈಯಲ್ಲಿ ನೀರಿನಂಶ ಕಡಿಮೆ, ಮೂತ್ರವೂ ಕಡಿಮೆ. ಆಗ ಸ್ಕ್ಯಾನ್ ಮಾಡಿದರೆ ಹಿಗ್ಗಿದ ಕಿಡ್ನಿಯೂ ಸಹಜವಾಗಿ ಕಾಣಬಹುದು. ಅದಕ್ಕೇ 48 ಗಂಟೆ ಕಳೆದ ಮೇಲೆ, ಸಾಮಾನ್ಯವಾಗಿ ಮೊದಲ ವಾರದೊಳಗೆ ಒಮ್ಮೆ ನೋಡಿ, ಅದು ಸರಿಯಿದ್ದರೂ ಕೆಲವು ವಾರಗಳ ನಂತರ ಮತ್ತೊಮ್ಮೆ ನೋಡಬೇಕು. ನಮ್ಮಲ್ಲಿ ಚೊಚ್ಚಲ ಹೆರಿಗೆ ಬಹುಮಟ್ಟಿಗೆ ತವರಿನಲ್ಲಿ. ಸ್ಕ್ಯಾನಿಂಗ್ ಒಂದು ಊರಿನಲ್ಲಾದರೆ ಹೆರಿಗೆ ಇನ್ನೊಂದು ಊರಿನಲ್ಲಿ. ವರದಿ ತಾಯಿಯ ಫೈಲಿನಲ್ಲೇ ಉಳಿಯುತ್ತದೆ. ಕೂಸಿಗೆ ಹೊಸ ಕಾಗದ ಶುರುವಾಗುತ್ತದೆ. ತಾಯಿ ಕಾರ್ಡಿನಲ್ಲೂ ಕೂಸಿನ ಡಿಸ್ಚಾರ್ಜ್ ಚೀಟಿಯಲ್ಲೂ ಅಳತೆ, ವಾರ, ಮುಂದಿನ ಸ್ಕ್ಯಾನಿಂಗ್ ದಿನಾಂಕ ಬರೆಯುವುದು ಖರ್ಚಿಲ್ಲದ ಕೆಲಸ. ಇದನ್ನು ಕಡ್ಡಾಯ ಮಾಡಲೇಬೇಕು.

ಸ್ಕ್ಯಾನಿಂಗ್‌ಗೆ 48 ಗಂಟೆ ಕಾಯುವ ನಿಯಮ ಎಲ್ಲ ಕೂಸುಗಳಿಗೂ ಅಲ್ಲ. ಗಂಡುಕೂಸು, ಎರಡೂ ಕಿಡ್ನಿ ಹಿಗ್ಗಿವೆ, ಮೂತ್ರಕೋಶದ ಗೋಡೆ ದಪ್ಪ, ಗರ್ಭಜಲ ಕಡಿಮೆ ಎಂದರೆ ಮೂತ್ರದ್ವಾರದ ಹಾದಿಯಲ್ಲಿ ಅಡ್ಡಪೊರೆ ಇರುವ ಶಂಕೆ ಬಲವಾಗುತ್ತದೆ. ಅಂಥ ಕೂಸಿಗೆ 48 ಗಂಟೆ ಕಾಯದೆ ಸ್ಕ್ಯಾನ್ ಮಾಡಿ, ತೆಳು ನಳಿಕೆ ಹಾಕಿ ಮೂತ್ರ ಇಳಿಸಬೇಕಾಗುತ್ತದೆ. ಬಣ್ಣದ ದ್ರವ ತುಂಬಿಸಿ ಎಕ್ಸ್‌ರೇ ತೆಗೆದು ಪೊರೆ ಖಚಿತವಾದ ಮೇಲೆ ಎಂಡೋಸ್ಕೋಪಿನಿಂದ ಅದನ್ನು ಕತ್ತರಿಸುತ್ತಾರೆ. ಆದ್ದರಿಂದ ಇಂಥ ವರದಿ ಹಿಡಿದು ಬಂದ ತಾಯಿಗೆ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಯಲ್ಲೇ ಹೆರಿಗೆಯ ವ್ಯವಸ್ಥೆಯನ್ನು ನೋವು ಶುರುವಾಗುವ ಮೊದಲೇ ಮಾಡಿಕೊಡಬೇಕು.