ಕೋಟೆಯ ಬಾಗಿಲಲ್ಲಿ ಕಾಣೆಯಾದ ಮಕ್ಕಳು

1429ರ ಜುಲೈ 17ರಂದು ಫ್ರಾನ್ಸಿನ ರೀಮ್ಸ್ ಪ್ರಧಾನಾಲಯದಲ್ಲಿ ದೊರೆ ಏಳನೆಯ ಚಾರ್ಲ್ಸನಿಗೆ ಪಟ್ಟಾಭಿಷೇಕ ನಡೆಯಿತು. ಸಂತ ಜೋನ್ ಆಫ್ ಆರ್ಕ್ ಧ್ವಜ ಹಿಡಿದು ನಿಂತಿದ್ದರು. ಅಭಿಷೇಕದ ಪವಿತ್ರ ತೈಲವನ್ನು ಮೆರವಣಿಗೆಯಲ್ಲಿ ತಂದ ನಾಲ್ವರು ಸರದಾರರಲ್ಲಿ ಜಿಲ್ ದ ರೇ ಒಬ್ಬ. ಓರ್ಲಿಯನ್ಸ್ ಕದನದಲ್ಲಿ ಸಂತ ಜೋನರ ಜೊತೆ ಹೋರಾಡಿದ್ದ ಈ ತರುಣನಿಗೆ ಅಂದೇ ‘ಫ್ರಾನ್ಸಿನ ಮಾರ್ಷಲ್’ ಎಂಬ ಉನ್ನತ ಪದವಿಯೂ ದೊರೆಯಿತು. ಹನ್ನೊಂದು ವರ್ಷಗಳ ನಂತರ ಇದೇ ವೀರನನ್ನು ನಾಂತ್ ನಗರದಲ್ಲಿ ಗಲ್ಲಿಗೇರಿಸಲಾಯಿತು. ಅವನ ಮೇಲಿದ್ದ ಆರೋಪ 140ಕ್ಕೂ ಹೆಚ್ಚು ಮಕ್ಕಳ ಕೊಲೆ.

ಜಿಲ್ ಹುಟ್ಟಿದ್ದು ಸುಮಾರು 1405ರಲ್ಲಿ. 1415ರಲ್ಲಿ ತಂದೆತಾಯಿಯರನ್ನು ಕಳೆದುಕೊಂಡು ಅಜ್ಜ ಜಾನ್ ದ ಕ್ರಾನನ ಆಶ್ರಯದಲ್ಲಿ ಬೆಳೆದ. ಆ ಅಜ್ಜ ಅಪಾರ ಸಿರಿವಂತ. ಆದರೆ ಬಲವಿದ್ದವನೇ ಸರಿ ಎಂದು ಬದುಕಿದವನು. 1432ರಲ್ಲಿ ಅಜ್ಜ ತೀರಿಕೊಂಡಾಗ ಅಷ್ಟೂ ಸಂಪತ್ತು ಮೊಮ್ಮಗನ ಕೈಸೇರಿತು, ಕೇಳುವವರು ಯಾರೂ ಉಳಿಯಲಿಲ್ಲ. ತನ್ನ ಘೋರ ಕೃತ್ಯಗಳು ಆರಂಭವಾದದ್ದು ಆ ವರ್ಷದಿಂದಲೇ ಎಂದು ಅವನೇ ಮುಂದೆ ಒಪ್ಪಿಕೊಂಡ.

ಮಾಶ್‌ಕೂಲ್ ಮತ್ತು ತಿಫೋಜ್ ಕೋಟೆಗಳ ಸುತ್ತ ಮಕ್ಕಳು ಕಾಣೆಯಾಗತೊಡಗಿದರು. ಅವರಲ್ಲಿ ಹೆಚ್ಚಿನವರು ಬಡವರ ಗಂಡುಮಕ್ಕಳು. ಕೆಲವರು ಭಿಕ್ಷೆಗಾಗಿ ಕೋಟೆಯ ಬಾಗಿಲಿಗೆ ಹೋದವರು. ಚರ್ಮದ ಉಡುಪು ಹೊಲಿಯುವವನೊಬ್ಬನ ಬಳಿ ಕೆಲಸ ಕಲಿಯುತ್ತಿದ್ದ 12 ವರ್ಷದ ಬಾಲಕನೊಬ್ಬ ಸಂದೇಶವೊಂದನ್ನು ಮುಟ್ಟಿಸಲು ಕೋಟೆಗೆ ಹೋದವನು ಹಿಂತಿರುಗಲಿಲ್ಲ. ಇಂಗ್ಲಿಷರ ಸೆರೆಯಲ್ಲಿದ್ದ ಸರದಾರನೊಬ್ಬನ ಬಿಡುಗಡೆಗಾಗಿ ಮಕ್ಕಳನ್ನು ಒತ್ತೆ ಕೊಡಲಾಗಿದೆ ಎಂಬ ಸುದ್ದಿಯನ್ನು ಹಬ್ಬಿಸಲಾಯಿತು. ಹೆತ್ತವರು ಅತ್ತರು, ನೆರೆಯವರು ಪಿಸುಗುಟ್ಟಿದರು. ಆದರೆ ಮಾರ್ಷಲನ ವಿರುದ್ಧ ಬಾಯಿ ತೆರೆಯಲು ಯಾರಿಗೂ ಧೈರ್ಯವಿರಲಿಲ್ಲ.

ಇದೇ ಕಾಲದಲ್ಲಿ ಜಿಲ್ ಮಾಶ್‌ಕೂಲಿನಲ್ಲಿ ಭವ್ಯವಾದ ಪ್ರಾರ್ಥನಾಲಯವೊಂದನ್ನು ಸ್ಥಾಪಿಸಿ, ಗುರುಗಳನ್ನೂ ಬಾಲಕರ ಗಾಯನವೃಂದವನ್ನೂ ನೇಮಿಸಿ, ನೀರಿನಂತೆ ಹಣ ಸುರಿದ. ಆ ಆಲಯ ಅರ್ಪಿತವಾಗಿದ್ದುದು ಹೆರೋದನ ಖಡ್ಗಕ್ಕೆ ಬಲಿಯಾದ ಪವಿತ್ರ ಹಸುಳೆಗಳಿಗೆ! ಒಳಗೆ ಸ್ತುತಿಗೀತೆ, ಹೊರಗೆ ರಾಖೇಲಳ ಗೋಳು. ಗೀತೆಯ ಇಂಪಿನಲ್ಲಿ ಗೋಳು ಕೇಳಿಸಲಿಲ್ಲ.

ಅವನ ಪತನಕ್ಕೆ ಕಾರಣವಾದದ್ದೂ ಆ ಗೋಳಲ್ಲ ಎಂಬುದು ನೋವಿನ ಸಂಗತಿ. 1440ರ ಮೇ ತಿಂಗಳಲ್ಲಿ, ತಾನು ಮಾರಿದ ಆಸ್ತಿಯೊಂದರ ವ್ಯಾಜ್ಯದಲ್ಲಿ, ಅವನು ಆಯುಧಧಾರಿಗಳೊಡನೆ ದೇವಾಲಯಕ್ಕೆ ನುಗ್ಗಿ ಯಾಜಕವರ್ಗದ ಒಬ್ಬನನ್ನು ಸೆರೆಹಿಡಿದ. ಧರ್ಮಸಭೆಯ ಹಕ್ಕಿಗೇ ಧಕ್ಕೆ ಬಂದಾಗ ನಾಂತ್ ಧರ್ಮಾಧ್ಯಕ್ಷ ಜಾನ್ ದ ಮಾಲೆಸ್ತ್ರ್ವಾ ವಿಚಾರಣೆಗೆ ಇಳಿದರು. ಅವರು ಮಾಡಿದ್ದು ಸರಳ ಕೆಲಸ: ಜನರನ್ನು ಕೇಳಿದರು. ಎಂಟು ವರ್ಷ ಅದುಮಿಟ್ಟಿದ್ದ ದುಃಖ ಹೊರಬಂತು. ಜುಲೈ 29ರಂದು ಅವರು ವರದಿಯನ್ನು ಪ್ರಕಟಿಸಿದರು. ಸೆಪ್ಟೆಂಬರ್ 15ರಂದು ಜಿಲ್ ಸೆರೆಯಾದ.

ಧರ್ಮಸಭೆಯ ನ್ಯಾಯಾಲಯವೂ ಬ್ರಿಟನಿ ಪ್ರಾಂತ್ಯದ ಡ್ಯೂಕನ ನ್ಯಾಯಾಲಯವೂ ವಿಚಾರಣೆ ನಡೆಸಿದವು. ಚಿತ್ರಹಿಂಸೆಯ ಬೆದರಿಕೆಯ ನಂತರ ಅವನು ತಪ್ಪೊಪ್ಪಿಕೊಂಡ. ಅವನ ಆಸ್ತಿಯ ಮೇಲೆ ಡ್ಯೂಕನಿಗೆ ಕಣ್ಣಿತ್ತು. ಈ ಕಾರಣಗಳಿಂದ ಇತ್ತೀಚೆಗೆ ಕೆಲವರು ತೀರ್ಪನ್ನು ಸಂದೇಹಿಸಿದ್ದಾರೆ. ಸಂತ ಜೋನರನ್ನು 1431ರಲ್ಲಿ ಧರ್ಮಸಭೆಯ ನ್ಯಾಯಾಲಯವೇ ಅನ್ಯಾಯವಾಗಿ ದೋಷಿಯೆಂದು ಸಾರಿತ್ತೆಂಬುದನ್ನು ನೆನೆದರೆ ಇಂಥ ಪ್ರಶ್ನೆ ಸಹಜವೇ. ಆದರೂ ಹೆತ್ತವರ ಸಾಲುಸಾಲು ಸಾಕ್ಷ್ಯಗಳನ್ನೂ ಸೇವಕರ ಹೇಳಿಕೆಗಳನ್ನೂ ತೂಗಿ ನೋಡಿದ ಬಹುಪಾಲು ಇತಿಹಾಸಕಾರರು ಅವನನ್ನು ಅಪರಾಧಿಯೆಂದೇ ಪರಿಗಣಿಸುತ್ತಾರೆ.

ಅಕ್ಟೋಬರ್ 22ರಂದು ಜಿಲ್ ಕಣ್ಣೀರಿಡುತ್ತ ಎಲ್ಲವನ್ನೂ ನಿವೇದಿಸಿದ. ಬಾಲ್ಯದಲ್ಲಿ ತನಗೆ ಕಡಿವಾಣವಿರಲಿಲ್ಲ, ಮಕ್ಕಳನ್ನು ಶಿಸ್ತಿನಲ್ಲಿ ಬೆಳೆಸಿರಿ ಎಂದು ಹೆತ್ತವರನ್ನು ಬೇಡಿಕೊಂಡ. ಸತ್ತ ಮಕ್ಕಳ ತಂದೆತಾಯಿಯರ ಕ್ಷಮೆ ಯಾಚಿಸಿದ. ಬಹಿಷ್ಕೃತನಾಗಿದ್ದ ಅವನನ್ನು ಧರ್ಮಸಭೆ ಮತ್ತೆ ಸೇರಿಸಿಕೊಂಡಿತು. ಅಕ್ಟೋಬರ್ 26ರಂದು ಶಿಕ್ಷೆ ಜಾರಿಯಾಯಿತು. ದೇವರ ಕರುಣೆಗೆ ಎಲ್ಲೆಯಿಲ್ಲ ಎಂಬುದು ನಮ್ಮ ವಿಶ್ವಾಸ. ಆದರೆ ಆ ಕರುಣೆ ನ್ಯಾಯವನ್ನು ಬದಿಗೊತ್ತಲಿಲ್ಲ, ಸತ್ಯವನ್ನು ಮುಚ್ಚಿಡಲಿಲ್ಲ ಎಂಬುದನ್ನೂ ನಾವು ಗಮನಿಸಬೇಕು.

ಪ್ರಿಯ ಓದುಗರೇ, ಇಂಥ ಕಥೆಯಲ್ಲಿ ನಾವು ಕೊಲೆಗಾರನ ಮನಸ್ಸನ್ನೇ ಕೆದಕುತ್ತೇವೆ. ಆದರೆ ನಮ್ಮನ್ನು ಕಾಡಬೇಕಾದ ಪ್ರಶ್ನೆ ಬೇರೆ: ಎಂಟು ವರ್ಷ ಯಾರೂ ಏಕೆ ಕೇಳಿಸಿಕೊಳ್ಳಲಿಲ್ಲ? ಅವನು ಶೂರ, ದಾನಿ, ದೇವಾಲಯ ಕಟ್ಟಿಸಿದವನು, ದೂರುವವರೋ ಬಡವರು. ಈ ತಕ್ಕಡಿ ಇಂದಿಗೂ ಮಾಯವಾಗಿಲ್ಲ. ನಮ್ಮ ಧರ್ಮಸಭೆಯಲ್ಲೇ ಮಕ್ಕಳ ಮೇಲಿನ ದೌರ್ಜನ್ಯಗಳು ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಹೋದದ್ದುಂಟು. 2019ರಲ್ಲಿ ಅಂದಿನ ಪೋಪ್ ಫ್ರಾನ್ಸಿಸರು ಪ್ರತಿಯೊಂದು ಧರ್ಮಕ್ಷೇತ್ರದಲ್ಲೂ ದೂರು ಸ್ವೀಕರಿಸುವ ವ್ಯವಸ್ಥೆ ಇರಬೇಕೆಂದು ಆಜ್ಞಾಪಿಸಿದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಭಾರತದಲ್ಲಿ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಎಲ್ಲರ ಕರ್ತವ್ಯ.

ಕಾನೂನು ಬಂದಿದೆ, ಕಿವಿ ನಮ್ಮದಾಗಬೇಕು. ಮಗುವೊಂದು ಒಬ್ಬ ಗಣ್ಯರ ಹೆಸರು ಹೇಳಿ ತಡವರಿಸಿದಾಗ ಗದರಿಸದೆ ಹತ್ತಿರ ಕೂರಿಸಿಕೊಂಡು ಕೇಳೋಣ. ಆಬೇಲನ ರಕ್ತದ ಕೂಗನ್ನು ಆಲಿಸಿದ ದೇವರು ನಮ್ಮ ಕಿವಿಗಳನ್ನೂ ತೆರೆಯಲಿ.